ಬಂದರಿನ ಬೆನ್ನಿಗಿರುವ ಘಟ್ಟ

ಬೆಂಗಳೂರಿನಿಂದ ಮಂಗಳೂರಿಗೂ ಚೆನ್ನೈಗೂ ರಸ್ತೆಯಲ್ಲಿ ಹೆಚ್ಚುಕಡಿಮೆ ಒಂದೇ ದೂರ, ಸುಮಾರು 350 ಕಿಲೋಮೀಟರ್. ಆದರೂ ಬೆಂಗಳೂರು ಸುತ್ತಲಿನ ಕಾರ್ಖಾನೆಗಳ ಕಂಟೇನರುಗಳಲ್ಲಿ ಬಹುಪಾಲು ಪೂರ್ವಕ್ಕೇ ಮುಖ ಮಾಡುತ್ತವೆ. ವೈಟ್‌ಫೀಲ್ಡಿನ ಕಂಟೇನರ್ ಡಿಪೊದಿಂದ ಹೊರಡುವ ಗೂಡ್ಸ್ ರೈಲುಗಳ ವಾಡಿಕೆಯ ದಾರಿಯೂ ಚೆನ್ನೈ ಕಡೆಗೇ. ಇಪ್ಪತ್ತಡಿ ಪೆಟ್ಟಿಗೆಗಳ ಲೆಕ್ಕದಲ್ಲಿ ನವಮಂಗಳೂರು ಬಂದರು ವರ್ಷಕ್ಕೆ ದಾಟಿಸುವುದು ಒಂದೂವರೆ ಲಕ್ಷದ ಆಚೀಚೆ. ಚೆನ್ನೈ ಅದರ ಹತ್ತು ಪಟ್ಟು, ಮುಂಬೈ ಬಳಿಯ ನ್ಹಾವಾ ಶೇವಾ 60 ಲಕ್ಷಕ್ಕೂ ಮಿಗಿಲು. ಈ ಅಂತರ ಕಂಡವರು ಸಾಮಾನ್ಯವಾಗಿ ಹೇಳುವ ಪರಿಹಾರ ಒಂದೇ: ಬಂದರನ್ನು ಇನ್ನಷ್ಟು ಆಳ ಮಾಡಿ, ಹೊಸ ಧಕ್ಕೆ ಕಟ್ಟಿ, ದೊಡ್ಡ ಕ್ರೇನು ತನ್ನಿ. ಇವು ಬೇಡವೆಂದಲ್ಲ. ಆದರೆ ಮಂಗಳೂರು ಬಂದರಿನ ಕಷ್ಟ ಕಡಲಿನ ಕಡೆಗಿಲ್ಲ, ಅದರ ಬೆನ್ನಿಗಿರುವ ಘಟ್ಟದಲ್ಲಿದೆ. ಇದಕ್ಕೆ ಬಂದರಿನ ಐವತ್ತು ವರ್ಷಗಳ ಚರಿತ್ರೆಯೇ ಸಾಕ್ಷಿ.

ಮಂಗಳೂರಿನ ಹಳೆ ಬಂದರು ನೇತ್ರಾವತಿ ಮತ್ತು ಗುರುಪುರ ಹೊಳೆಗಳ ಅಳಿವೆಯ ಒಳಗಿದೆ. ಅಳಿವೆಬಾಯಿಗೆ ಮರಳು ಬಂದು ಕೂರುವುದರಿಂದ ದೊಡ್ಡ ಹಡಗು ಒಳಗೆ ಬರುವಂತಿರಲಿಲ್ಲ. ದೂರದಲ್ಲಿ ಲಂಗರು ಹಾಕಿ, ದೋಣಿಗಳಲ್ಲಿ ಸರಕು ಏರಿಸಿ ಇಳಿಸಬೇಕಿತ್ತು. ಸರ್ವಋತು ಬಂದರಿಗಾಗಿ ಪಟ್ಟುಹಿಡಿದವರಲ್ಲಿ ಮುಖ್ಯರು ಸಂಸದ ಉಳ್ಳಾಲ ಶ್ರೀನಿವಾಸ ಮಲ್ಯರು. ಅವರು 1965ರಲ್ಲೇ ತೀರಿಕೊಂಡರು. ಪಣಂಬೂರಿನಲ್ಲಿ ನೆಲವನ್ನೇ ತೋಡಿ ಮಾಡಿದ ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು, 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಅದನ್ನು ಉದ್ಘಾಟಿಸಿದರು. ಅದರ ಮೊದಲ ದೊಡ್ಡ ಗಿರಾಕಿ ಕುದುರೆಮುಖ. ಅಲ್ಲಿನ ಅದಿರನ್ನು ಪುಡಿಮಾಡಿ, ನೀರಿನಲ್ಲಿ ಕಲಸಿ, ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಪಣಂಬೂರಿಗೆ ಇಳಿಸುತ್ತಿದ್ದರು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಆ ಗಣಿ ನಿಂತಿತು. ಅಷ್ಟರಲ್ಲಿ ತೈಲ ಶುದ್ಧೀಕರಣಾಗಾರ ಬಂದಿತ್ತು. ಕಚ್ಚಾತೈಲ ಕಡಲಿನಿಂದ ಬರುತ್ತದೆ. ಶುದ್ಧಗೊಂಡ ಪೆಟ್ರೋಲು, ಡೀಸೆಲ್ಲಿನ ಒಂದು ಪಾಲು ಮತ್ತೆ ಹಡಗು ಹತ್ತುತ್ತದೆ, ಇನ್ನೊಂದು ಪಾಲು 2003ರಿಂದ ಹಾಸನದ ಮೇಲೆ ಬೆಂಗಳೂರಿನವರೆಗೆ 362 ಕಿಲೋಮೀಟರ್ ಕೊಳವೆಯಲ್ಲಿ ಹರಿಯುತ್ತದೆ. ಅಡುಗೆ ಅನಿಲಕ್ಕೂ ಈಗ ಅಂಥದೇ ಕೊಳವೆಯಿದೆ. ಬಂದರಿನ ವಾರ್ಷಿಕ ವಹಿವಾಟು 4 ಕೋಟಿ ಟನ್ನಿನ ಆಸುಪಾಸಿಗೆ ಬಂದು ನಿಂತಿರುವುದರಲ್ಲಿ ತೈಲ ಮತ್ತು ಅನಿಲದ್ದೇ ಸಿಂಹಪಾಲು. ಉಡುಪಿಯ ವಿದ್ಯುತ್ ಸ್ಥಾವರಕ್ಕೆ ಹೋಗುವ ಕಲ್ಲಿದ್ದಲು ಕೊಂಕಣ ರೈಲಿನಲ್ಲಿ ಕರಾವಳಿಯುದ್ದಕ್ಕೆ ಸಾಗುತ್ತದೆ, ಘಟ್ಟ ಹತ್ತುವುದೇ ಇಲ್ಲ. ಕೊಳವೆ ಇದ್ದ ಸರಕು, ಘಟ್ಟದ ಗೊಡವೆಯೇ ಇಲ್ಲದ ಸರಕು ಬೆಳೆದವು. ಚಕ್ರದ ಮೇಲೆ ಘಟ್ಟ ದಾಟಬೇಕಾದದ್ದು ಹಿಂದೆ ಬಿತ್ತು.

ಆ ಚಕ್ರದ ದಾರಿ ಹೇಗಿದೆ? ಹಾಸನ–ಮಂಗಳೂರು ರೈಲು ಮಾರ್ಗ ಮೀಟರ್ ಗೇಜಿನಲ್ಲಿ ಪೂರ್ಣಗೊಂಡದ್ದು 1979ರಲ್ಲಿ. ಬ್ರಾಡ್ ಗೇಜಿಗೆ ಬದಲಿಸಲೆಂದು 1996ರಲ್ಲಿ ಮುಚ್ಚಿದರು. ಗೂಡ್ಸ್ ರೈಲು ಮತ್ತೆ ಓಡಿದ್ದು 2006ರಲ್ಲಿ, ಪ್ರಯಾಣಿಕರ ರೈಲು 2007ರ ಡಿಸೆಂಬರಿನಲ್ಲಿ. ಉದಾರೀಕರಣದ ನಂತರ ದೇಶದ ಕಂಟೇನರ್ ವ್ಯಾಪಾರ ಏರುಗತಿಯಲ್ಲಿದ್ದ ಹತ್ತು ವರ್ಷ ಮಂಗಳೂರಿಗೆ ಘಟ್ಟದ ರೈಲೇ ಇರಲಿಲ್ಲ. ಆ ಹೊತ್ತಿನಲ್ಲಿ ಚೆನ್ನೈ ದಾರಿ ಹಿಡಿದ ರಫ್ತುದಾರ ಮಾರ್ಗ ತೆರೆಯಿತೆಂದು ಮರುದಿನವೇ ವಾಪಸು ಬರುವುದಿಲ್ಲ. ಅವನ ಏಜೆಂಟು, ಗೋದಾಮು, ಲಾರಿಯವರ ಪರಿಚಯ ಎಲ್ಲ ಅಲ್ಲೇ ಬೇರೂರಿರುತ್ತವೆ. ತೆರೆದ ಮಾರ್ಗವೂ ಸಲೀಸಿನದಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ 55 ಕಿಲೋಮೀಟರಿನಲ್ಲಿ 57 ಸುರಂಗಗಳು, ಇನ್ನೂರಕ್ಕೂ ಹೆಚ್ಚು ಸೇತುವೆಗಳು. ಒಂಟಿ ಹಳಿ. ಪ್ರತಿ 50 ಮೀಟರಿಗೆ ಒಂದು ಮೀಟರಿನ ಏರು. ಭಾರದ ಗಾಡಿಯನ್ನು ಹಿಂದಿನಿಂದ ತಳ್ಳಲು ಬ್ಯಾಂಕರ್ ಎಂಜಿನ್ ಬೇಕು, ವೇಗ ಗಂಟೆಗೆ 30 ಕಿಲೋಮೀಟರ್ ಮೀರುವಂತಿಲ್ಲ. ಹೆದ್ದಾರಿಯ ಶಿರಾಡಿ ಘಟ್ಟದ ಪಾಡು ಇದಕ್ಕಿಂತ ಮೇಲಲ್ಲ. 2018ರ ಆಗಸ್ಟಿನ ಮಳೆಯಲ್ಲಿ ಗುಡ್ಡಗಳು ಕುಸಿದಾಗ ರಸ್ತೆ, ರೈಲು ಎರಡೂ ಒಟ್ಟಿಗೆ ಬಂದ್ ಆದವು. 2024ರ ಜುಲೈ ಕೊನೆಯಲ್ಲಿ ಯಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಜಾರಿ ಪ್ರಯಾಣಿಕರ ರೈಲುಗಳು ಸುಮಾರು ಎರಡು ವಾರ ನಿಂತವು. ಆಗುಂಬೆಯ ತಿರುವುಗಳಲ್ಲಿ ಭಾರಿ ಲಾರಿಗೆ ಪ್ರವೇಶವಿಲ್ಲ, ಹಾಗಾಗಿ ಶಿರಾಡಿ ಮುಚ್ಚಿದರೆ ಸರಕಿಗೆ ನಂಬಿಕೆಯ ಬದಲಿ ದಾರಿಯೂ ಕಡಿಮೆ.

ಈ ಅನಿಶ್ಚಿತತೆಗೆ ತೆರಬೇಕಾದ ಬೆಲೆ ಏನೆಂದು ಒಂದು ಕಾಫಿ ಕಂಟೇನರನ್ನು ಹಿಡಿದು ನೋಡಬಹುದು. ದೇಶದ ಕಾಫಿಯ ಸುಮಾರು ಶೇ 70ರಷ್ಟು ಕರ್ನಾಟಕದ್ದು. ಹಾಸನ, ಕುಶಾಲನಗರದ ಕ್ಯೂರಿಂಗ್ ಘಟಕಗಳಿಗೆ ಹತ್ತಿರದ ದೊಡ್ಡ ಬಂದರು ಮಂಗಳೂರು. ಇಪ್ಪತ್ತಡಿ ಪೆಟ್ಟಿಗೆಗೆ 60 ಕಿಲೋದ 320 ಮೂಟೆ ತುಂಬಿದರೆ 19 ಟನ್ ಚಿಲ್ಲರೆ. ಈ ಪೆಟ್ಟಿಗೆ ನಿಗದಿಯಾದ ಹಡಗಿಗೆ ನಿಗದಿಯಾದ ಗಂಟೆಯೊಳಗೆ ಬಂದರಿನ ಗೇಟು ದಾಟಬೇಕು. ತಪ್ಪಿದರೆ ಮುಂದಿನ ಹಡಗು. ನ್ಹಾವಾ ಶೇವಾದಲ್ಲಿ ಮುಂದಿನ ಹಡಗಿಗೆ ಬಹಳ ಕಾಯಬೇಕಿಲ್ಲ; ಮಂಗಳೂರಿಗೆ ಬರುವವು ಹೆಚ್ಚಾಗಿ ಕೊಲಂಬೊದಂಥ ದೊಡ್ಡ ಬಂದರಿಗೆ ಸರಕು ಮುಟ್ಟಿಸುವ ಸಣ್ಣ ಹಡಗುಗಳು, ಅವೂ ವಿರಳ. ಸರಕು ಕಡಿಮೆಯೆಂದು ಹಡಗು ಬರುವುದಿಲ್ಲ, ಹಡಗು ಬರುವುದಿಲ್ಲವೆಂದು ಸರಕು ಬರುವುದಿಲ್ಲ. ಇದರ ಮೇಲೆ ಖಾಲಿ ಪೆಟ್ಟಿಗೆಯ ತಾಪತ್ರಯ. ಮಂಗಳೂರಿಗೆ ಆಮದಾಗುವುದು ಬಹುಪಾಲು ತೈಲ, ಅನಿಲ, ಕಲ್ಲಿದ್ದಲು, ಖಾದ್ಯ ತೈಲ. ಇವ್ಯಾವುವೂ ಕಂಟೇನರಿನಲ್ಲಿ ಬರುವುದಿಲ್ಲ. ಆಫ್ರಿಕಾದ ಕಚ್ಚಾ ಗೋಡಂಬಿ ಬಿಟ್ಟರೆ ತುಂಬಿದ ಪೆಟ್ಟಿಗೆ ಒಳಬರುವುದು ಕಡಿಮೆ, ಹಾಗಾಗಿ ಕಾಫಿಗೂ ಮೀನಿಗೂ ಬೇಕಾದ ಖಾಲಿ ಪೆಟ್ಟಿಗೆಯನ್ನು ಬೇರೆಡೆಯಿಂದ ದುಡ್ಡು ಕೊಟ್ಟು ತರಿಸಬೇಕು. ಬೆಂಗಳೂರಿನ ಆಮದಿನಲ್ಲಿ ಒಂದು ಭಾಗ ಮಂಗಳೂರಿನ ಮೇಲೆ ಬಂದರೆ ಈ ತೊಡಕು ತಾನಾಗಿ ಸಡಿಲವಾಗುತ್ತದೆ. ಹಾಗೆ ಬರಬೇಕಾದರೆ ಘಟ್ಟ ಹತ್ತುವ ರೈಲು ಗಡಿಯಾರ ನೋಡಿ ಓಡಬೇಕು.

ಹಳೆಯದನ್ನು ರಿಪೇರಿ ಮಾಡುವ ಬದಲು ಹೊಸ ಬಂದರನ್ನೇ ಕಟ್ಟಬಾರದೇಕೆ ಎಂಬ ಪ್ರಶ್ನೆ ಸಹಜ. ಉತ್ತರ ಕನ್ನಡದಲ್ಲಿ ಕಾರವಾರದ ವಿಸ್ತರಣೆ, ಹೊನ್ನಾವರದ ಕಾಸರಕೋಡು, ಅಂಕೋಲೆಯ ಕೇಣಿ, ಹೀಗೆ ಯೋಜನೆಗಳು ಸಾಲುಗಟ್ಟಿವೆ. ಮೂರೂ ಕಡೆ ಮೀನುಗಾರರು ಬೀದಿಗಿಳಿದಿದ್ದಾರೆ. ಅವರ ತಕರಾರು ಹೊಟ್ಟೆಪಾಡಿನದು, ಅಭಿವೃದ್ಧಿ ವಿರೋಧವೆಂದು ತಳ್ಳಿಹಾಕುವಂಥದಲ್ಲ. ಅದನ್ನು ಒಂದು ಕ್ಷಣ ಬದಿಗಿಟ್ಟು ಬರೀ ಸಾಗಣೆಯ ಲೆಕ್ಕ ಹಾಕಿದರೂ ಹೊಸ ಬಂದರುಗಳಿಗೆ ಇದೇ ಘಟ್ಟ ಎದುರಾಗುತ್ತದೆ. ಹುಬ್ಬಳ್ಳಿ–ಅಂಕೋಲಾ ರೈಲು 1990ರ ದಶಕದ ಕೊನೆಯಿಂದ ಅರಣ್ಯದ ಅನುಮತಿ, ಕೋರ್ಟು, ವರದಿಗಳ ನಡುವೆ ಓಲಾಡುತ್ತಿದೆ. ಗೋವಾದ ಮೇಲಿರುವ ಕ್ಯಾಸಲ್ ರಾಕ್ ಘಟ್ಟದ ಏರು 37ಕ್ಕೆ ಒಂದು, ನಮ್ಮದಕ್ಕಿಂತ ಕಡಿದು. ಮೇಲೆ ಹತ್ತಲು ದಾರಿಯಿಲ್ಲದೆ ಧಕ್ಕೆ ಕಟ್ಟುವುದು ಬಾಗಿಲಿಲ್ಲದ ಅಂಗಡಿ ತೆರೆದ ಹಾಗೆ. ಇರುವ ಒಂದು ಹಳಿಯನ್ನು ಮೊದಲು ಪೂರಾ ದುಡಿಸಿಕೊಳ್ಳೋಣ ಎನ್ನುವುದು ಹಿಂಜರಿಕೆಯ ಮಾತಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ಘಟ್ಟದಲ್ಲಿ ಏನು ಮಾಡಹೊರಟರೂ ಕಾಡಿಗೆ ಪೆಟ್ಟು. ನಿಜ. ಹೆದ್ದಾರಿ ಅಗಲ ಮಾಡಲು ಗುಡ್ಡವನ್ನು ನೇರಕ್ಕೆ ಕಡಿದು, ಮಳೆನೀರಿಗೆ ದಾರಿ ಬಿಡದಿದ್ದರೆ ಅದು ಕುಸಿಯುತ್ತದೆ, ಆ ಪಾಠ ಶಿರಾಡಿಯಲ್ಲೇ ಸಿಕ್ಕಿದೆ. ಆದರೆ ಈ ಆಕ್ಷೇಪ ವಾಸ್ತವದಲ್ಲಿ ರೈಲಿನ ಪರವಾಗಿದೆ. ಬಯಲಿನಲ್ಲಿ 45 ವ್ಯಾಗನ್ನುಗಳ ಒಂದು ಕಂಟೇನರ್ ರೈಲು ಇಪ್ಪತ್ತಡಿಯ 90 ಪೆಟ್ಟಿಗೆ ಹೊರುತ್ತದೆ. ಘಟ್ಟದಲ್ಲಿ ಅದನ್ನು ಎರಡಾಗಿ ಒಡೆದು ಏರಿಸಿದರೂ ಆ ಕಡಿದಾದ ರಸ್ತೆಯಿಂದ ಹತ್ತಾರು ಲಾರಿ ಇಳಿಕೆಯಾಗುತ್ತವೆ. ಹಳಿಗೆ ಬೇಕಾದ ಜಾಗ ಚತುಷ್ಪಥಕ್ಕಿಂತ ಎಷ್ಟೋ ಕಿರಿದು, ಅದೂ ಈಗಾಗಲೇ ಕಡಿದಿಟ್ಟ ಜಾಗ. ಜೋಡಿ ಹಳಿಯ ಕನಸು ದೂರದ್ದು, ಬೆಲೆಯೂ ದೊಡ್ಡದು. ಅದಕ್ಕೆ ಮೊದಲು ಇಳಿಜಾರುಗಳ ಚರಂಡಿ, ತಡೆಗೋಡೆ, ಮಳೆಗಾಲದ ಕಾವಲು, ಉದ್ದದ ಗೂಡ್ಸ್ ನಿಲ್ಲಲು ಸಾಕಾಗುವ ಲೂಪ್ ಹಳಿಗಳು ಆಗಬೇಕು. ವಿದ್ಯುತ್ ಎಂಜಿನ್ನು ಎಳೆಯುವ ಬಲ ಹೆಚ್ಚಿಸೀತು, ಜಾರುವ ಮಣ್ಣಿಗೆ ಅದು ಮದ್ದಲ್ಲ.

ಇವೆಲ್ಲ ದೊಡ್ಡ ಮೊತ್ತದ ಕೆಲಸಗಳಲ್ಲ. ಆದರೂ ಆಗದಿರುವುದಕ್ಕೆ ಕಾರಣ ಹುಡುಕಿದರೆ ಆಡಳಿತದ ನಕ್ಷೆ ತೆರೆಯಬೇಕಾಗುತ್ತದೆ. ಬಂದರು ಕೇಂದ್ರದ ಹಡಗು ಸಚಿವಾಲಯದ ಕೈಯಲ್ಲಿದೆ. ಪಣಂಬೂರಿನ ಹಳಿ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೆ ಸೇರಿದೆ. ತೋಕೂರಿನಿಂದ ಉತ್ತರಕ್ಕೆ ಕೊಂಕಣ ರೈಲ್ವೆ. ಘಟ್ಟದ ಹಳಿ ನೈರುತ್ಯ ರೈಲ್ವೆಯ ಮೈಸೂರು ವಿಭಾಗದ್ದು. ಒಂದೇ ಊರಿನ ಸರಕಿಗೆ ಮೂರು ರೈಲ್ವೆಗಳು. ಪಾಲಕ್ಕಾಡಿಗೆ ಮಂಗಳೂರು ತುದಿಯ ನಿಲ್ದಾಣ, ಮೈಸೂರಿಗೂ ತುದಿಯ ನಿಲ್ದಾಣ. ಯಾರಿಗೂ ಅದು ನಡುಮನೆಯಲ್ಲ. ಹಾಸನದಲ್ಲೊಂದು ಒಣಬಂದರು, ಅಲ್ಲಿಂದ ಪಣಂಬೂರಿಗೆ ವಾರದ ಗೊತ್ತಾದ ದಿನ ತಪ್ಪದೆ ಹೊರಡುವ ಕಂಟೇನರ್ ರೈಲು, ಆ ದಿನಕ್ಕೆ ಹೊಂದಿಸಿದ ಹಡಗು, ಇಷ್ಟನ್ನು ಗಟ್ಟಿ ಮಾಡಲು ಈ ಎಲ್ಲರೂ ಒಂದೇ ಮೇಜಿನ ಸುತ್ತ ಕೂರಬೇಕು, ಅವರನ್ನು ಕೂರಿಸುವ ಕೆಲಸ ರಾಜ್ಯ ಸರ್ಕಾರದ್ದು. ಮೊದಲ ಒಂದೆರಡು ವರ್ಷ ರೈಲು ಅರ್ಧ ಖಾಲಿ ಓಡೀತು. ಆ ನಷ್ಟವನ್ನು ಯಾರು ಎಷ್ಟು ಹೊರಬೇಕೆಂದು ಮುಂಚೆಯೇ ಬರೆದುಕೊಳ್ಳದಿದ್ದರೆ ಮೂರನೇ ತಿಂಗಳಿಗೇ ಅದು ನಿಂತುಹೋಗುತ್ತದೆ.

ಬೆಂಗಳೂರಿನ ಸರಕೆಲ್ಲ ಪಶ್ಚಿಮಕ್ಕೆ ಬರಬೇಕೆಂದು ಹಟ ಹಿಡಿಯುವುದೂ ತರವಲ್ಲ. ಜಪಾನ್, ಚೀನಾ, ಸಿಂಗಪುರದ ಕಡೆಗೆ ಹೋಗುವುದಕ್ಕೆ ಚೆನ್ನೈಯೇ ಸಹಜ ದಾರಿ. ಕೊಲ್ಲಿ ದೇಶಗಳು, ಪೂರ್ವ ಆಫ್ರಿಕಾ, ಯುರೋಪಿಗೆ ಹೋಗುವ ಸರಕು ಮಾತ್ರ ಮೊದಲು ಪೂರ್ವಕ್ಕೆ ಸಾಗಿ, ಹಡಗು ಹತ್ತಿ, ಶ್ರೀಲಂಕೆಯನ್ನು ಬಳಸಿ ಪಶ್ಚಿಮಕ್ಕೆ ತಿರುಗುವುದು ವ್ಯರ್ಥ. ಮಂಗಳೂರು ಕೇಳಬೇಕಾದ ಪಾಲು ಅದು. ಬಂದರಿಗೆ ಇಷ್ಟು ಕೋಟಿ ಮಂಜೂರಾಯಿತು ಎಂಬ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಅದರಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿಲೋಮೀಟರಿಗೆ ಎಷ್ಟು ಎಂದು ಓದುಗರು ತಮ್ಮ ಶಾಸಕರನ್ನೂ ಸಂಸದರನ್ನೂ ಕೇಳಬೇಕು.