ಕಿಡ್ನಿಯ ಜರಡಿಯನ್ನು ಉಬ್ಬಿಸಿ ನೋಡುವ ವಿಧಾನ

ಬೆಳಿಗ್ಗೆ ಏಳುವಾಗ ಮಗುವಿನ ಕಣ್ಣಿನ ಸುತ್ತ ಊತ, ಸಂಜೆಗೆ ಕಾಲಿನಲ್ಲಿ ಊತ, ಮೂತ್ರದಲ್ಲಿ ನೊರೆ. ದೃಷ್ಟಿ ತಾಗಿದೆ, ಏನೋ ಹುಳು ಕಚ್ಚಿದೆ ಎಂದು ಸುಮ್ಮನಿರುವುದುಂಟು. ಆದರೆ ಇದು ರಕ್ತದ ಪ್ರೋಟೀನು ಮೂತ್ರದಲ್ಲಿ ಸೋರಿಹೋಗುವ ಕಾಯಿಲೆಯ ಗುರುತಾಗಿರಬಹುದು. ಈ ಸೋರಿಕೆ ಎಲ್ಲಿ ಆಗುತ್ತದೆಂದು ಕಣ್ಣಾರೆ ನೋಡಲು ವಿಜ್ಞಾನಿಗಳು ಕಂಡುಕೊಂಡ ಒಂದು ಉಪಾಯವನ್ನು ಈ ಸಲ ತಿಳಿಸುತ್ತೇವೆ.

ಒಂದೊಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ಜರಡಿಗಳಿವೆ. ಜರಡಿಯ ಸಣ್ಣ ರಕ್ತನಾಳಗಳನ್ನು ಹೊರಗಿನಿಂದ ಪೋಡೊಸೈಟ್ ಎಂಬ ಕೋಶಗಳು ಅಪ್ಪಿಕೊಂಡಿರುತ್ತವೆ. ನಾವು ಎರಡು ಕೈಗಳ ಬೆರಳು ಹೆಣೆಯುತ್ತೇವಲ್ಲ, ಹಾಗೆ ಅವುಗಳ ಪಾದಗಳು ಒಂದರ ನಡುವೆ ಒಂದು ಸೇರಿರುತ್ತವೆ. ಪಾದಗಳ ಸಂದಿಯಲ್ಲಿ ನೆಫ್ರಿನ್ ಮುಂತಾದ ಪ್ರೋಟೀನುಗಳು ಬಲೆ ಕಟ್ಟಿವೆ. ನೀರು, ಉಪ್ಪು, ಯೂರಿಯಾ ಇದನ್ನು ದಾಟುತ್ತವೆ. ರಕ್ತದ ದೊಡ್ಡ ಪ್ರೋಟೀನುಗಳು ಒಳಗೇ ಉಳಿಯುತ್ತವೆ. ಸಂದಿಯ ಅಗಲ ಸುಮಾರು 40 ನ್ಯಾನೊಮೀಟರ್. ಒಂದು ಮಿಲಿಮೀಟರಿಗೆ 10 ಲಕ್ಷ ನ್ಯಾನೊಮೀಟರ್ ಎಂದರೆ ಅದೆಷ್ಟು ಸಣ್ಣದೆಂದು ಓದುಗರೇ ಊಹಿಸಬಹುದು.

ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಸುಮಾರು 250 ನ್ಯಾನೊಮೀಟರಿಗಿಂತ ಹತ್ತಿರವಿರುವ ಎರಡು ವಸ್ತುಗಳು ಒಂದೇ ಆಗಿ ಕಾಣುತ್ತವೆ. ಬೆಳಕಿನ ಗುಣವೇ ಹಾಗೆ. ಮಕ್ಕಳಲ್ಲಿ ಪ್ರೋಟೀನು ಸೋರುವುದಕ್ಕೆ ಹೆಚ್ಚಾಗಿ ಕಾರಣವಾಗುವ ಕಾಯಿಲೆಯಲ್ಲಿ ಈ ಪಾದಗಳು ಚಪ್ಪಟೆಯಾಗಿ ಒಂದಕ್ಕೊಂದು ಸೇರಿಹೋಗುತ್ತವೆ. ಆದರೂ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಜರಡಿ ಚೆನ್ನಾಗಿಯೇ ಇದ್ದಂತೆ ತೋರುತ್ತದೆ. ಅದಕ್ಕೇ ವೈದ್ಯರು ಅದನ್ನು 'ಅತ್ಯಲ್ಪ ಬದಲಾವಣೆಯ ಕಾಯಿಲೆ' ಎನ್ನುತ್ತಾರೆ. ಹೆಸರು ಅಲ್ಪವಾದರೂ ಕಾಯಿಲೆ ಅಲ್ಪವಲ್ಲ. ಬದಲಾವಣೆ ಕಾಣಬೇಕಾದರೆ ಬಹಳ ಬೆಲೆಬಾಳುವ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು.

ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಎಡ್ ಬಾಯ್ಡನ್, ಫೈ ಚೆನ್, ಪಾಲ್ ಟಿಲ್ಬರ್ಗ್ 2015ರಲ್ಲಿ ಬೇರೆ ದಾರಿ ತೋರಿಸಿದರು. ಮಸೂರವನ್ನು ದೊಡ್ಡದು ಮಾಡುವ ಬದಲು ನೋಡುವ ವಸ್ತುವನ್ನೇ ದೊಡ್ಡದು ಮಾಡಿದರು! ಮಕ್ಕಳ ಡೈಪರಿನಲ್ಲಿ ನೀರು ಹೀರಿ ಉಬ್ಬುವ ಪುಡಿ ಇರುತ್ತದಲ್ಲ, ಅದೇ ಜಾತಿಯ ಜೆಲ್ ಇದಕ್ಕೆ ಬೇಕು. ಸಸಿಯ ಬುಡದಲ್ಲಿ ತೇವ ನಿಲ್ಲಲೆಂದು ಮಣ್ಣಿಗೆ ಬೆರೆಸುವ ಹೈಡ್ರೋಜೆಲ್ಲನ್ನು ಬಲ್ಲ ರೈತರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಮೊದಲು ಪ್ರೋಟೀನುಗಳಿಗೆ ಹೊಳೆಯುವ ಬಣ್ಣದ ಗುರುತು ಅಂಟಿಸುತ್ತಾರೆ. ಅಂಗಾಂಶದೊಳಗೆಲ್ಲ ಜೆಲ್ ಕಟ್ಟಿಸಿ ಗುರುತುಗಳನ್ನು ಅದಕ್ಕೆ ಬಿಗಿಯುತ್ತಾರೆ. ಗಟ್ಟಿಯಾದ ಅಂಗಾಂಶವನ್ನು ಕಿಣ್ವದಿಂದ ಸಡಿಲಗೊಳಿಸಿ ಶುದ್ಧ ನೀರು ಹಾಕುತ್ತಾರೆ. ಉದ್ದ, ಅಗಲ, ದಪ್ಪ ಮೂರರಲ್ಲೂ ಸುಮಾರು ನಾಲ್ಕೂವರೆ ಪಟ್ಟು ಉಬ್ಬುತ್ತದೆ. ಉಪ್ಪುನೀರಾದರೆ ಇಷ್ಟು ಉಬ್ಬುವುದಿಲ್ಲ. ತಿರುಪ್ಪೂರಿನ ಬಣ್ಣದ ನೀರಿನಿಂದ ನೊಯ್ಯಲ್ ದಂಡೆಯ ಬಾವಿಗಳು ಉಪ್ಪಾದದ್ದನ್ನು ಕಂಡವರು ತೋಟದ ಹೈಡ್ರೋಜೆಲ್ಲಿಗೂ ಇದನ್ನು ನೆನಪಿಡಲಿ.

2017ರಲ್ಲಿ ಇದೇ ವಿಧಾನವನ್ನು ರೋಗಿಗಳ ಕಿಡ್ನಿಯ ತುಣುಕುಗಳಿಗೆ ಹೊಂದಿಸಿ, ಪಾದಗಳು ಸೇರಿಹೋಗಿವೆಯೇ ಇಲ್ಲವೇ ಎಂದು ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕದಲ್ಲೇ ಗುರುತಿಸಿದರು. ಆದರೆ ಇದು ಈಗಲೂ ಹೆಚ್ಚಾಗಿ ಸಂಶೋಧನೆಯ ಕೆಲಸ. ಕೊಯಮತ್ತೂರಿನ ಆಸ್ಪತ್ರೆಗೆ ಹೋಗಿ 'ಉಬ್ಬಿಸಿ ನೋಡಿ' ಎಂದು ಕೇಳುವಂಥದ್ದಲ್ಲ.

ಊತ ಬಂದ ಮಗುವಿಗೆ ಮೊದಲು ಬೇಕಾದದ್ದು ಮೂತ್ರದಲ್ಲಿ ಪ್ರೋಟೀನಿನ ಪರೀಕ್ಷೆ. ಖರ್ಚು ಸ್ವಲ್ಪವೇ. ಈ ಕಾಯಿಲೆಯ ಬಹುಪಾಲು ಮಕ್ಕಳಲ್ಲಿ ಸ್ಟೀರಾಯ್ಡ್ ಮಾತ್ರೆಯಿಂದ ಸೋರಿಕೆ ನಿಲ್ಲುತ್ತದೆ. ಊತ ಇಳಿಯಿತೆಂದು ಮನೆಯವರೇ ಮಾತ್ರೆ ನಿಲ್ಲಿಸುವುದು ಅಪಾಯ. ವೈದ್ಯರು ಹೇಳಿದ ಹಾಗೆ ನಿಧಾನವಾಗಿ ಇಳಿಸಬೇಕು. ಕಾಯಿಲೆ ಮರುಕಳಿಸುವುದೂ ಉಂಟು. ಮಾತ್ರೆಗೆ ಜಗ್ಗದ ಮಕ್ಕಳಿಗೆ ಮಾತ್ರ ಸಾಮಾನ್ಯವಾಗಿ ಸೂಜಿಯಿಂದ ಕಿಡ್ನಿಯ ತುಣುಕು ತೆಗೆದು ನೋಡುತ್ತಾರೆ.