ಕಿಸೆಯಲ್ಲೊಂದು ಇಕ್ಕಳ

ಕುಕ್ಕರ್ ಹಿಡಿಯ ಸ್ಕ್ರೂ ಸಡಿಲವಾದರೆ ಮೊದಲು ಕೈಗೆ ಬರುವುದು ತರಕಾರಿ ಹೆಚ್ಚುವ ಚಾಕು. ಅದರ ತುದಿ ಮುರಿದ ಮೇಲೆ ಒಂದು ರೂಪಾಯಿ ನಾಣ್ಯ. ಸ್ಕ್ರೂಡ್ರೈವರ್ ಮನೆಯಲ್ಲಿ ಇಲ್ಲವೆಂದಲ್ಲ, ಅಟ್ಟದ ಮೇಲಿನ ಯಾವುದೋ ಡಬ್ಬಿಯಲ್ಲಿರುತ್ತದೆ.

ಇಕ್ಕಳ, ಚಾಕು, ಸ್ಕ್ರೂಡ್ರೈವರ್ ಒಂದರಲ್ಲೇ ಮಡಚಿ ಕೂರುವ ಮಲ್ಟಿಟೂಲ್ ಹುಟ್ಟಿದ್ದು ಇಂಥದೇ ಪಡಿಪಾಟಲಿನಿಂದ. 1975ರಲ್ಲಿ ಅಮೆರಿಕದ ಟಿಮ್ ಲೆದರ್‌ಮನ್ ಹೆಂಡತಿಯೊಡನೆ ಹಳೆಯ ಫಿಯೆಟ್ ಕಾರಿನಲ್ಲಿ ಯುರೋಪ್ ಸುತ್ತುತ್ತಿದ್ದರು. ಕಾರು ಆಗಾಗ ಕೈಕೊಡುತ್ತಿತ್ತು, ಅಗ್ಗದ ಹೋಟೆಲುಗಳ ನಲ್ಲಿಗಳು ಸೋರುತ್ತಿದ್ದವು. ಕಿಸೆಯಲ್ಲಿದ್ದ ಸ್ಕೌಟ್ ಚಾಕುವಿನಿಂದ ಬ್ರೆಡ್ ಕೊಯ್ಯಬಹುದಿತ್ತೇ ಹೊರತು ನಟ್ಟು ಹಿಡಿದು ತಿರುಗಿಸಲು ಆಗುತ್ತಿರಲಿಲ್ಲ. ಇದಕ್ಕೊಂದು ಇಕ್ಕಳ ಸೇರಿಸಿದರೆ ಹೇಗೆ ಎಂದುಕೊಂಡು ಊರಿಗೆ ಮರಳಿದವರು ವರ್ಷಗಟ್ಟಲೆ ಮಾದರಿ ತಿದ್ದಿದರು. 1980ರಲ್ಲಿ ಪೇಟೆಂಟ್ ಸಿಕ್ಕಿತು, ತಯಾರಿಸಲು ಒಪ್ಪುವ ಕಂಪನಿ ಮಾತ್ರ ಸಿಗಲಿಲ್ಲ. ಕೊನೆಗೆ 1983ರಲ್ಲಿ ಗೆಳೆಯ ಸ್ಟೀವ್ ಬರ್ಲಿನರ್ ಜೊತೆಗೂಡಿ ತಾವೇ ಕಂಪನಿ ಕಟ್ಟಿದರು. ಮೊದಲ ಆರ್ಡರ್ ಬಂದದ್ದು ಒಂದು ಕ್ಯಾಟಲಾಗ್ ಕಂಪನಿಯಿಂದ, 500 ನಗಕ್ಕೆ.

ಇಕ್ಕಳವಿಲ್ಲದ ಇದರ ಹಿರಿಯಣ್ಣ ಇನ್ನೂ ಹಳೆಯದು: ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸನರ್ ಸೈನ್ಯಕ್ಕಾಗಿ 1891ರಲ್ಲೇ ಮಡಚುವ ಚಾಕು ಕೊಟ್ಟಿದ್ದರು. 1897ರ ಅಧಿಕಾರಿಗಳ ಚಾಕುವಿಗೆ ಬಾಟಲಿಯ ಬಿರಡೆ ಕೀಳುವ ಸುರುಳಿಯೂ ಬಂತು. ನಮ್ಮಲ್ಲಿ ಬಿರಡೆ ಕೀಳುವ ಪ್ರಸಂಗ ಎಷ್ಟು ಬರುತ್ತದೋ ಗೊತ್ತಿಲ್ಲ, ಆದರೆ ಪಾರ್ಸೆಲ್ಲಿನ ನೈಲಾನ್ ಹಗ್ಗದ ಬಿಗಿ ಗಂಟಿಗೆ ಆ ಸುರುಳಿಯ ಮೊನೆ ತೂರಿಸಿ ಮೀಟಿದರೆ ಹಲ್ಲು ಬಳಸುವ ಗೋಜಿಲ್ಲ. ಕೆಲವು ಮಾದರಿಗಳಲ್ಲಿ ಸುರುಳಿಯೊಳಗೇ ಕಡ್ಡಿಯಂಥ ಸ್ಕ್ರೂಡ್ರೈವರ್ ಅಡಗಿರುತ್ತದೆ. ಕನ್ನಡಕದ ಕಾಲಿನ ಸಾಸಿವೆ ಗಾತ್ರದ ಸ್ಕ್ರೂಗೆ ಅದಕ್ಕಿಂತ ತಕ್ಕ ಜೊತೆ ಇಲ್ಲ.

ದಿನನಿತ್ಯ ಹೆಚ್ಚು ದುಡಿಯುವುದು ಇಕ್ಕಳವೇ. ಗುಬುಟು ಕಳಚಿ ಬೋಳಾದ ನಲ್ಲಿ, ಹಲ್ಲು ಕಚ್ಚದ ಬ್ಯಾಗಿನ ಜಿಪ್, ಚಪ್ಪಲಿಯ ಅಟ್ಟೆಗೆ ಹೊಕ್ಕ ಮೊಳೆ, ಇವೆಲ್ಲ ಬೆರಳಿಗೆ ಬಗ್ಗದವು. ಜಿಪ್ಪಿನದು ಸುಲಭ: ಸವೆದು ಅಗಲವಾದ ಸ್ಲೈಡರಿನ ಎರಡೂ ಪಕ್ಕವನ್ನು ಇಕ್ಕಳದಿಂದ ನಯವಾಗಿ ಒತ್ತಿದರೆ ಹಲ್ಲುಗಳು ಮತ್ತೆ ಕಚ್ಚಿಕೊಳ್ಳುತ್ತವೆ. ಜೋರಾಗಿ ಒತ್ತಿದರೆ ಜಿಪ್ಪೇ ಹೋಯಿತು. ಇನ್ನು ಕೆಲವು ಮಾದರಿಗಳಲ್ಲಿರುವ ಚಿಮಟದ ಮಾತು. ಉಡಿದಾರಕ್ಕೆ ಚಿಮಟ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಿದ್ದವರಿಗೆ ಜಾಲಿಮುಳ್ಳು ಚುಚ್ಚಿದ ಜಾಗದಲ್ಲೇ ಕೂತು ಕೀಳುವ ಅನುಕೂಲ ಯಾರೂ ಹೇಳಿಕೊಡಬೇಕಿರಲಿಲ್ಲ.

ಆದರೂ ಮಲ್ಟಿಟೂಲ್ ಗ್ಯಾರೇಜಿಗೆ ಬದಲಿಯಲ್ಲ. ತುಕ್ಕು ಹಿಡಿದ ಬೋಲ್ಟಿಗೆ ಸ್ಪ್ಯಾನರೇ ಬೇಕು. ಲಾಕ್ ಇಲ್ಲದ ಅಲಗಿನ ಮೊನೆಯಿಂದ ಚುಚ್ಚಲು ಹೋದರೆ ಅದು ಮಡಚಿ ಬೆರಳ ಮೇಲೇ ಬೀಳಬಹುದು. ಹಿಡಿ ಬರಿ ಲೋಹದ್ದಾದ್ದರಿಂದ ಕರೆಂಟಿರುವ ವೈರಿನ ಹತ್ತಿರಕ್ಕೂ ಒಯ್ಯಬಾರದು. ನಿಂಬೆಹಣ್ಣು ಕೊಯ್ದ ಮೇಲೆ ತೊಳೆದು ಒರೆಸಿ, ಮಡಿಕೆಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟರೆ ಸಾಕು. ಸ್ಟೇನ್‌ಲೆಸ್ ಎಂದ ಮಾತ್ರಕ್ಕೆ ತುಕ್ಕು ಹಿಡಿಯುವುದೇ ಇಲ್ಲವೆಂದಲ್ಲ.

ವಿಮಾನ ಹತ್ತುವ ದಿನ ಅದು ಚೆಕ್-ಇನ್ ಬ್ಯಾಗಿನಲ್ಲಿರಲಿ. ಕೀ ಗೊಂಚಲಲ್ಲಿ ತೂಗುವ ಪುಟ್ಟ ಮಾದರಿಯದೇ ಕಾಟ: ಭದ್ರತಾ ಸಿಬ್ಬಂದಿ ಅದನ್ನು ಎತ್ತಿ ತೋರಿಸುವವರೆಗೂ ಅದು ಅಲ್ಲಿರುವುದೇ ಮರೆತಿರುತ್ತದೆ.