ನಗಿಸುವ ಭೂಪಟಗಳು

ಮಕ್ಕಳೇ, ನಿಮ್ಮ ತರಗತಿಯ ಗೋಡೆಯಲ್ಲಿ ತೂಗುಹಾಕಿದ ಭೂಪಟವನ್ನು ನೋಡಿದ್ದೀರಲ್ಲವೇ? ನದಿಗೆ ನೀಲಿ ಗೆರೆ, ರೈಲುಮಾರ್ಗಕ್ಕೆ ಕಪ್ಪು ಗೆರೆ, ಒಂದೊಂದು ರಾಜ್ಯಕ್ಕೆ ಒಂದೊಂದು ಬಣ್ಣ. ಅದನ್ನು ನೋಡಿ ಯಾರೂ ನಗುವುದಿಲ್ಲ. ಆದರೆ ನಗಿಸುವ ಭೂಪಟಗಳೂ ಇವೆ. ಅವು ಪತ್ರಿಕೆಗಳ ವ್ಯಂಗ್ಯಚಿತ್ರಗಳಲ್ಲಿ ಮತ್ತು ಚಿತ್ರಕಥೆಯ ಪುಸ್ತಕಗಳಲ್ಲಿ ಸಿಗುತ್ತವೆ. ಅಲ್ಲಿ ಒಂದು ನಾಡು ಹಾವಾಗುತ್ತದೆ. ಇನ್ನೊಂದು ಕಡೆ ಇಡೀ ಭೂಮಿಯೇ ತಟ್ಟೆಯಲ್ಲಿಟ್ಟ ಕಡುಬಾಗುತ್ತದೆ.

ಯಾವುದು ಎಲ್ಲಿದೆ ಎಂಬುದನ್ನು ಭೂಪಟ ಹೇಳುತ್ತದೆ. ಅದರ ಬಗ್ಗೆ ತನಗೆ ಏನನ್ನಿಸುತ್ತದೆ ಎಂಬುದನ್ನು ವ್ಯಂಗ್ಯಚಿತ್ರಕಾರ ಹೇಳುತ್ತಾನೆ. ಇವೆರಡೂ ಒಂದೇ ಚಿತ್ರದಲ್ಲಿ ಸೇರಿದರೆ ಏನಾಗುತ್ತದೆ? ಕೆಲವು ಪ್ರಸಿದ್ಧ ಚಿತ್ರಗಳನ್ನು ನೋಡಿ ತಿಳಿಯೋಣ.

ಭೂತಗನ್ನಡಿಯೊಳಗಿನ ಹಳ್ಳಿ

ಆಸ್ಟರಿಕ್ಸ್ ಎಂಬ ಚಿತ್ರಕಥೆಯನ್ನು ನಿಮ್ಮಲ್ಲಿ ಕೆಲವರು ಓದಿರಬಹುದು. ಇದು ಫ್ರಾನ್ಸ್ ದೇಶದಲ್ಲಿ 1959ರಲ್ಲಿ ಆರಂಭವಾಯಿತು. ಕಥೆ ಬರೆದವರು ರೆನೆ ಗೊಸಿನಿ, ಚಿತ್ರ ಬರೆದವರು ಆಲ್ಬರ್ಟ್ ಉಡೆರ್ಜೊ. ಕಥೆ ನಡೆಯುವುದು ಕ್ರಿಸ್ತಪೂರ್ವ 50ರಲ್ಲಿ. ಆಗ ಫ್ರಾನ್ಸಿಗೆ ಗಾಲ್ ಎಂಬ ಹೆಸರಿತ್ತು. ರೋಮನರು ಅದನ್ನು ಗೆದ್ದುಕೊಂಡಿದ್ದರು.

ಪುಸ್ತಕದ ಆರಂಭದಲ್ಲಿಯೇ ಗಾಲ್ ದೇಶದ ಭೂಪಟವಿದೆ. ಅದರ ನಡುವೆ ರೋಮನರ ಧ್ವಜಸ್ತಂಭವನ್ನು ನೆಟ್ಟಿದ್ದಾರೆ. ಅದು ನೆಟ್ಟ ಕಡೆ ನೆಲ ಬಿರುಕು ಬಿಟ್ಟಿದೆ. ಆದರೆ ಕಡಲ ತೀರದ ಒಂದು ಮೂಲೆಯ ಮೇಲೆ ದೊಡ್ಡ ಭೂತಗನ್ನಡಿ ಇದೆ. ಅದರೊಳಗೆ ಒಂದು ಪುಟ್ಟ ಹಳ್ಳಿ ಕಾಣುತ್ತದೆ. ಸುತ್ತಲೂ ರೋಮನರ ನಾಲ್ಕು ಶಿಬಿರಗಳಿವೆ. ಹಳ್ಳಿ ಮಾತ್ರ ಇನ್ನೂ ಸೋತಿಲ್ಲ!

ನೋಡಿದಿರಾ? ಕಥೆಯ ಮೊದಲ ಮಾತು ಆರಂಭವಾಗುವ ಮುನ್ನವೇ ಭೂಪಟ ಕಥೆ ಹೇಳಿ ಮುಗಿಸಿತು. ಆ ಹಳ್ಳಿ ನಿಜವಾದುದಲ್ಲ. ಆದರೆ ಅದನ್ನು ಇಟ್ಟ ತೀರ ನಿಜವಾದುದು. ಫ್ರಾನ್ಸಿನ ವಾಯವ್ಯ ಭಾಗದ ಆ ಪ್ರದೇಶವನ್ನು ಇಂದು ಬ್ರಿಟನಿ ಎಂದು ಕರೆಯುತ್ತಾರೆ.

ತುಂಡಾದ ಹಾವು

ಈಗ ಇನ್ನೂ ಹಳೆಯ ಒಂದು ಚಿತ್ರವನ್ನು ನೋಡೋಣ. ಅಮೆರಿಕ ಸ್ವತಂತ್ರ ದೇಶವಾಗುವ ಮೊದಲಿನ ಮಾತು. ಅಲ್ಲಿನ ಪೂರ್ವ ಕರಾವಳಿಯ ಉದ್ದಕ್ಕೂ ಬ್ರಿಟಿಷರ ವಸಾಹತುಗಳಿದ್ದವು. ಅವುಗಳ ನಡುವೆ ಒಗ್ಗಟ್ಟು ಇರಲಿಲ್ಲ. ಪಶ್ಚಿಮದಿಂದ ಫ್ರೆಂಚರ ಸೈನ್ಯದ ಭಯವಿತ್ತು.

ಬೆಂಜಮಿನ್ ಫ್ರಾಂಕ್ಲಿನ್ ಆಗ ಫಿಲಡೆಲ್ಫಿಯ ನಗರದಲ್ಲಿ ಪತ್ರಿಕೆ ನಡೆಸುತ್ತಿದ್ದರು. 1754ರ ಮೇ 9ರಂದು ಅವರ ಪತ್ರಿಕೆಯಲ್ಲಿ ಒಂದು ಚಿತ್ರ ಬಂದಿತು. ಎಂಟು ತುಂಡಾಗಿ ಬಿದ್ದಿರುವ ಒಂದು ಹಾವು! ಪ್ರತಿಯೊಂದು ತುಂಡಿನ ಬಳಿ ಒಂದೊಂದು ವಸಾಹತಿನ ಹೆಸರಿನ ಮೊದಲ ಅಕ್ಷರಗಳಿದ್ದವು. ತಲೆಯ ಬಳಿ ಉತ್ತರದ ನ್ಯೂ ಇಂಗ್ಲೆಂಡ್, ಬಾಲದ ಬಳಿ ದಕ್ಷಿಣದ ಸೌತ್ ಕೆರೊಲಿನ. ನಡುವಿನ ತುಂಡುಗಳೂ ಕರಾವಳಿಯಲ್ಲಿ ಉತ್ತರದಿಂದ ದಕ್ಷಿಣಕ್ಕೆ ಬರುವ ಕ್ರಮದಲ್ಲಿಯೇ ಇದ್ದವು. ಕೆಳಗೆ 'ಸೇರಿರಿ, ಇಲ್ಲವೇ ಸಾಯಿರಿ' ಎಂಬ ಅರ್ಥದ ಮಾತು ಇತ್ತು.

ತುಂಡಾದ ಹಾವನ್ನು ಸೂರ್ಯ ಮುಳುಗುವ ಮುನ್ನ ಜೋಡಿಸಿಟ್ಟರೆ ಅದು ಬದುಕುತ್ತದೆ ಎಂಬ ಮೂಢನಂಬಿಕೆ ಅಂದಿನ ಜನರಲ್ಲಿತ್ತು. ಆದ್ದರಿಂದ ಚಿತ್ರದ ಅರ್ಥ ಎಲ್ಲರಿಗೂ ಬೇಗನೆ ತಿಳಿಯಿತು.

ಆದರೆ ಈ ಹಾವನ್ನು ಇನ್ನೊಮ್ಮೆ ನೋಡಿ. ಜಾರ್ಜಿಯ ಎಂಬ ವಸಾಹತು ಇದರಲ್ಲಿ ಇಲ್ಲ. ಆ ನೆಲದಲ್ಲಿ ಸಾವಿರಾರು ವರ್ಷಗಳಿಂದ ಬಾಳುತ್ತಿದ್ದ ಮೂಲನಿವಾಸಿಗಳಿಗೂ ಇದರಲ್ಲಿ ಜಾಗವಿಲ್ಲ. ಚಿತ್ರದಲ್ಲಿ ಏನಿದೆ ಎಂಬುದಷ್ಟೇ ಅಲ್ಲ, ಏನಿಲ್ಲ ಎಂಬುದನ್ನೂ ನಾವು ಕೇಳಬೇಕು.

ಕಡುಬಾದ ಭೂಮಿ

ಇಂಗ್ಲೆಂಡಿನ ಜೇಮ್ಸ್ ಗಿಲ್‌ರೇ ಹೆಸರಾಂತ ವ್ಯಂಗ್ಯಚಿತ್ರಕಾರ. 1805ರ ಫೆಬ್ರವರಿ ತಿಂಗಳಲ್ಲಿ ಅವನ ಒಂದು ಚಿತ್ರ ಪ್ರಕಟವಾಯಿತು. ಒಂದು ಮೇಜು. ಅದರ ಮೇಲೆ ತಟ್ಟೆ. ತಟ್ಟೆಯಲ್ಲಿ ಹಬೆಯಾಡುವ ದುಂಡನೆಯ ಕಡುಬು. ಹತ್ತಿರ ಹೋಗಿ ನೋಡಿದರೆ ಅದು ಕಡುಬಲ್ಲ, ಭೂಗೋಳ! ಒಂದು ಕಡೆ ಬ್ರಿಟನ್ನಿನ ಪ್ರಧಾನಿ ವಿಲಿಯಂ ಪಿಟ್, ಇನ್ನೊಂದು ಕಡೆ ಫ್ರಾನ್ಸಿನ ಚಕ್ರವರ್ತಿ ನೆಪೋಲಿಯನ್. ಪಿಟ್ ಸಮುದ್ರದ ದೊಡ್ಡ ಹೋಳನ್ನು ಕತ್ತರಿಸುತ್ತಿದ್ದಾನೆ. ನೆಪೋಲಿಯನ್ ಯುರೋಪಿನ ನೆಲವನ್ನು ಕತ್ತಿಯಿಂದ ಕೊಯ್ಯುತ್ತಿದ್ದಾನೆ.

ಬ್ರಿಟನ್ನಿನ ಬಲ ಕಡಲಿನಲ್ಲಿತ್ತು. ನೆಪೋಲಿಯನ್ನನ ಬಲ ನೆಲದ ಮೇಲಿತ್ತು. ಅದೇ ವರ್ಷದ ಅಕ್ಟೋಬರದಲ್ಲಿ ಟ್ರಫಾಲ್ಗರ್ ಎಂಬಲ್ಲಿ ನಡೆದ ಕಡಲ ಯುದ್ಧವನ್ನು ಬ್ರಿಟಿಷರು ಗೆದ್ದರು. ಡಿಸೆಂಬರದಲ್ಲಿ ಆಸ್ಟರ್‌ಲಿಟ್ಸ್ ಎಂಬಲ್ಲಿ ನಡೆದ ನೆಲದ ಯುದ್ಧವನ್ನು ನೆಪೋಲಿಯನ್ ಗೆದ್ದನು. ಗಿಲ್‌ರೇ ಚಿತ್ರದಲ್ಲಿ ತೋರಿಸಿದಂತೆಯೇ ಆಯಿತು.

ಮೇಜಿನ ಬಳಿ ಇಬ್ಬರೇ ಕುಳಿತಿದ್ದಾರೆ. ಕಡುಬಿನ ಮೇಲೆ ಬಾಳುವ ಕೋಟ್ಯಂತರ ಜನರನ್ನು ಯಾರೂ ಕರೆದಿಲ್ಲ, ಕೇಳಿಲ್ಲ. ನಮ್ಮ ಊರುಗಳ ಹಿರಿಯರೂ ಆ ಜನರಲ್ಲಿ ಸೇರಿದ್ದರು. 1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಮೇಲೆ ಕಾಸರಗೋಡು ಸೇರಿದ ನಮ್ಮ ಕರಾವಳಿ ಬ್ರಿಟಿಷ್ ಈಸ್ಟ್ ಇಂಡಿಯಾ ಕಂಪನಿಯ ಕೈ ಸೇರಿತ್ತು. ನಮ್ಮ ನೆಲವೂ ಆ ಕಡುಬಿನ ಒಂದು ತುಣುಕಾಗಿತ್ತು.

ರೆಕ್ಕೆ ಬಂದ ಕ್ಷೇತ್ರ

ಈಗ ಒಂದು ಆಟ. ಒಂಬತ್ತು ಮಕ್ಕಳಿದ್ದಾರೆ ಎಂದುಕೊಳ್ಳಿ. ಐವರಿಗೆ ಮಾವು ಇಷ್ಟ, ನಾಲ್ವರಿಗೆ ಹಲಸು ಇಷ್ಟ. ಮೂರು ಮೂರು ಮಕ್ಕಳ ಮೂರು ಗುಂಪು ಮಾಡಬೇಕು. ಪ್ರತಿಯೊಂದು ಗುಂಪು ಒಂದು ಹಣ್ಣನ್ನು ಆರಿಸಬೇಕು. ಹೆಚ್ಚು ಗುಂಪುಗಳು ಆರಿಸಿದ ಹಣ್ಣನ್ನು ಎಲ್ಲರಿಗೂ ತರಿಸಲಾಗುವುದು. ಯಾವ ಹಣ್ಣು ಬರಬೇಕು? ಮಾವು ಎನ್ನುತ್ತೀರಿ ಅಲ್ಲವೇ?

ಆದರೆ ಗುಂಪು ಮಾಡುವವನಿಗೆ ಹಲಸು ಇಷ್ಟ. ಅವನು ಮಾವು ಬೇಕೆನ್ನುವ ಮೂವರನ್ನು ಒಂದೇ ಗುಂಪಿಗೆ ಹಾಕುತ್ತಾನೆ. ಉಳಿದ ಇಬ್ಬರನ್ನು ಬೇರೆ ಬೇರೆ ಗುಂಪಿಗೆ ಕಳುಹಿಸುತ್ತಾನೆ. ಆ ಒಂದೊಂದು ಗುಂಪಿನಲ್ಲಿಯೂ ಹಲಸು ಬೇಕೆನ್ನುವವರು ಇಬ್ಬರು. ಈಗ ಎಣಿಸಿ ನೋಡಿ. ಹಲಸಿಗೆ ಎರಡು ಗುಂಪು, ಮಾವಿಗೆ ಒಂದೇ ಗುಂಪು. ಯಾರೂ ಸುಳ್ಳು ಹೇಳಲಿಲ್ಲ, ಯಾರ ಮತವನ್ನೂ ಕದಿಯಲಿಲ್ಲ. ಗೆರೆ ಎಳೆದ ರೀತಿಯಿಂದಲೇ ಕಡಮೆ ಮಂದಿ ಗೆದ್ದರು.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 1812ರಲ್ಲಿ ಹೀಗೆಯೇ ಆಯಿತು. ಅಲ್ಲಿನ ಆಳುವ ಪಕ್ಷವು ತನಗೆ ಲಾಭವಾಗುವಂತೆ ಚುನಾವಣಾ ಕ್ಷೇತ್ರಗಳ ಗಡಿಗಳನ್ನು ಬದಲಿಸಿತು. ಗವರ್ನರ್ ಎಲ್ಬ್ರಿಜ್ ಗೆರಿ ಅದಕ್ಕೆ ಸಹಿ ಹಾಕಿದರು. ಹೊಸ ಕ್ಷೇತ್ರಗಳಲ್ಲಿ ಒಂದು ಬಹಳ ವಿಚಿತ್ರವಾಗಿತ್ತು. ಅದು ಉದ್ದವಾಗಿ, ಸೊಟ್ಟಗೆ, ಹಲವು ಊರುಗಳನ್ನು ಸುತ್ತಿಕೊಂಡು ಹೋಗುತ್ತಿತ್ತು.

ಮಾರ್ಚ್ 26ರಂದು ಬಾಸ್ಟನ್ ನಗರದ ಒಂದು ಪತ್ರಿಕೆಯಲ್ಲಿ ಆ ಕ್ಷೇತ್ರದ ಭೂಪಟ ಪ್ರಕಟವಾಯಿತು. ಗಡಿಯ ಗೆರೆಗಳು ಇದ್ದ ಹಾಗೆಯೇ ಇದ್ದವು. ಊರುಗಳ ಹೆಸರುಗಳೂ ಇದ್ದವು. ಚಿತ್ರಕಾರ ಸೇರಿಸಿದ್ದು ಸ್ವಲ್ಪವೇ. ಮೇಲ್ತುದಿಗೆ ಒಂದು ತಲೆ, ಬೆನ್ನಿಗೆ ರೆಕ್ಕೆ, ಕೆಳಗೆ ಉಗುರುಗಳು. ಕ್ಷೇತ್ರವು ಭಯಂಕರ ಪ್ರಾಣಿಯಾಯಿತು! ಹಲ್ಲಿಯಂತೆ ಕಾಣುವ, ಆದರೆ ಕಪ್ಪೆಯಂತೆ ಉಭಯವಾಸಿಯಾದ ಸ್ಯಾಲಮ್ಯಾಂಡರ್ ಎಂಬ ಪ್ರಾಣಿಯಿದೆ. ಆ ಹೆಸರನ್ನೂ ಗವರ್ನರ್ ಗೆರಿಯ ಹೆಸರನ್ನೂ ಸೇರಿಸಿ ಆ ಪ್ರಾಣಿಗೆ 'ಗೆರಿಮ್ಯಾಂಡರ್' ಎಂದು ಹೆಸರಿಟ್ಟರು.

ಆ ವರ್ಷದ ಚುನಾವಣೆಯಲ್ಲಿ ಎದುರು ಪಕ್ಷಕ್ಕೆ ರಾಜ್ಯದಲ್ಲಿ ಹೆಚ್ಚು ಮತಗಳು ಬಂದವು. ಆದರೂ ರಾಜ್ಯದ ಸೆನೆಟ್ ಸಭೆಯ 40 ಸ್ಥಾನಗಳಲ್ಲಿ 29 ಸ್ಥಾನಗಳು ಗಡಿ ಬದಲಿಸಿದ ಪಕ್ಷಕ್ಕೇ ಸಿಕ್ಕವು. ಹಲಸು ಗೆದ್ದಿತು, ಮಾವು ಸೋತಿತು. ಗೆರಿ ಮಾತ್ರ ಗವರ್ನರ್ ಪದವಿಯನ್ನು ಕಳೆದುಕೊಂಡರು. ಆ ಪದವಿಗೆ ಇಡೀ ರಾಜ್ಯದ ಮತಗಳನ್ನು ಒಟ್ಟಿಗೆ ಎಣಿಸುತ್ತಿದ್ದರು. ಅಲ್ಲಿ ಗೆರೆಗಳ ಆಟ ನಡೆಯುವಂತಿರಲಿಲ್ಲ.

ಹೀಗೆ ಗಡಿ ಎಳೆದು ಚುನಾವಣೆ ಗೆಲ್ಲುವ ತಂತ್ರವನ್ನು ಇಂದಿಗೂ ಇಂಗ್ಲಿಷ್ ಮಾತನಾಡುವವರು ಅದೇ ಹೆಸರಿನಿಂದ ಕರೆಯುತ್ತಾರೆ. ಬರಿಯ ಭೂಪಟವನ್ನು ಕಂಡಾಗ ಸುಮ್ಮನಿರಬಹುದಾಗಿದ್ದ ಜನರು, ಅದಕ್ಕೆ ರೆಕ್ಕೆ ಬಂದಾಗ ಎಚ್ಚೆತ್ತು ನೋಡಿದರು.

ಎಲ್ಲೆಡೆ ಕೈಚಾಚುವ ಆಕ್ಟೋಪಸ್

ವ್ಯಂಗ್ಯಚಿತ್ರ ಕಣ್ಣು ತೆರೆಸುತ್ತದೆ ನಿಜ. ಆದರೆ ಅದು ಕಣ್ಣು ಕಟ್ಟಲೂಬಹುದು. 1877ರಲ್ಲಿ ರಷ್ಯ ಮತ್ತು ತುರ್ಕಿ ದೇಶಗಳ ನಡುವೆ ಯುದ್ಧ ನಡೆಯಿತು. ಆಗ ಇಂಗ್ಲೆಂಡಿನ ಫ್ರೆಡ್ ರೋಸ್ ಯುರೋಪಿನ ಒಂದು ಭೂಪಟ ಬರೆದರು. ಅದರಲ್ಲಿ ಹೆಚ್ಚಿನ ದೇಶಗಳು ಮನುಷ್ಯರ ರೂಪದಲ್ಲಿವೆ. ರಷ್ಯ ಮಾತ್ರ ದೊಡ್ಡ ಆಕ್ಟೋಪಸ್! ಅದರ ಬಾಹುಗಳು ಪೋಲೆಂಡ್, ತುರ್ಕಿ, ಪರ್ಷಿಯಗಳನ್ನು ಸುತ್ತಿಕೊಂಡಿವೆ.

ಈ ಭೂಪಟವನ್ನು ನೋಡಿದವನಿಗೆ ರಷ್ಯ ಎಂದರೆ ಭಯವಾಗುತ್ತದೆ. ಆದರೆ ಅಲ್ಲಿಯೂ ಹೊಲ ಉಳುವ ರೈತರಿದ್ದರು, ಶಾಲೆಗೆ ಹೋಗುವ ಮಕ್ಕಳಿದ್ದರು. ಆಕ್ಟೋಪಸ್ಸಿನ ಚಿತ್ರದಲ್ಲಿ ಅವರು ಕಾಣುವುದಿಲ್ಲ. ಮುಂದೆ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಪ್ರಶ್ಯವನ್ನು ಆಕ್ಟೋಪಸ್ ಮಾಡಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಪ್ರಧಾನಿ ಚರ್ಚಿಲ್ ಅವರನ್ನೇ ಆಕ್ಟೋಪಸ್ ಮಾಡಿದ ಭಿತ್ತಿಪತ್ರ ಬಂದಿತು. ಪ್ರಾಣಿ ಅದೇ, ಹೆಸರು ಮಾತ್ರ ಬೇರೆ! ಯಾರ ಮೇಲೆ ಕೋಪವಿದೆಯೋ ಅವರೇ ಆಕ್ಟೋಪಸ್.

ಮನೆ ದೊಡ್ಡದು, ಲೋಕ ಚಿಕ್ಕದು

ಕೊನೆಗೆ ನಮ್ಮನ್ನು ನೋಡಿ ನಾವೇ ನಗುವಂತೆ ಮಾಡುವ ಒಂದು ಚಿತ್ರ. ಸಾಲ್ ಸ್ಟೈನ್‌ಬರ್ಗ್ ಇದನ್ನು ಬರೆದವರು. 1976ರ ಮಾರ್ಚ್ 29ರಂದು 'ನ್ಯೂಯಾರ್ಕರ್' ಎಂಬ ವಾರಪತ್ರಿಕೆಯ ಮುಖಪುಟದಲ್ಲಿ ಇದು ಬಂದಿತು. ನ್ಯೂಯಾರ್ಕ್ ನಗರದಿಂದ ಪಶ್ಚಿಮಕ್ಕೆ ನೋಡಿದಂತೆ ಚಿತ್ರವಿದೆ. ಮುಂಭಾಗದಲ್ಲಿ ನಗರದ ಎರಡು ಬೀದಿಗಳು, ಕಟ್ಟಡಗಳು, ವಾಹನಗಳು. ಚಿತ್ರದ ಅರ್ಧ ಭಾಗ ಅಲ್ಲಿಗೇ ಮುಗಿಯಿತು. ಆಮೇಲೆ ಹಡ್ಸನ್ ನದಿ. ಅದರಾಚೆ ಅಮೆರಿಕ ಇಡಿಯಾಗಿ ಒಂದು ಸಣ್ಣ ಗದ್ದೆಯಷ್ಟೇ ಇದೆ. ಪೆಸಿಫಿಕ್ ಮಹಾಸಾಗರವು ನದಿಯಂತಿದೆ. ದೂರದಲ್ಲಿ ಚೀನ, ಜಪಾನ್, ರಷ್ಯ ಎಂಬ ಮೂರು ಗುಡ್ಡೆಗಳು. ಭಾರತ ಎಲ್ಲಿಯೂ ಇಲ್ಲ!

ಕೆಲವು ನ್ಯೂಯಾರ್ಕಿನವರು ಲೋಕವನ್ನು ಹೀಗೆ ಕಾಣುತ್ತಾರೆ ಎಂದು ಸ್ಟೈನ್‌ಬರ್ಗ್ ನಕ್ಕರು. ಆದರೆ ನಮ್ಮ ಮನಸ್ಸಿನೊಳಗೂ ಇಂತಹ ಒಂದು ಭೂಪಟ ಇದೆಯಲ್ಲವೇ? ನಮ್ಮ ಮನೆ, ಶಾಲೆ, ಆಟದ ಬಯಲು ದೊಡ್ಡದು. ಉಳಿದ ಊರುಗಳೆಲ್ಲ ಚಿಕ್ಕ ಚುಕ್ಕಿಗಳು.

ಈಗ ನಿಮ್ಮ ತರಗತಿಯ ಭೂಪಟದ ಬಳಿಗೆ ಮರಳಿ ಬನ್ನಿ. ಕೇರಳಕ್ಕೆ ಒಂದು ಬಣ್ಣ, ಕರ್ನಾಟಕಕ್ಕೆ ಇನ್ನೊಂದು ಬಣ್ಣ. ತಲಪಾಡಿಯ ಬಳಿ ಒಂದು ಬಣ್ಣ ಮುಗಿದು ಇನ್ನೊಂದು ಆರಂಭವಾಗುತ್ತದೆ. ಆದರೆ ಅಲ್ಲಿ ನಿಂತು ನೋಡಿದರೆ ಎರಡೂ ಕಡೆ ಅದೇ ತೆಂಗು, ಅದೇ ಮಳೆ. ಎರಡೂ ಕಡೆ ಕನ್ನಡ, ತುಳು, ಮಲಯಾಳ ಕೇಳಿಸುತ್ತದೆ. ಆ ಗೆರೆ ಸುಳ್ಳಲ್ಲ, ಆಡಳಿತಕ್ಕೆ ಅದು ಬೇಕು. ಆದರೆ ಅದು ಎಲ್ಲವನ್ನೂ ಹೇಳುವುದಿಲ್ಲ. ಅದು ಬಿಟ್ಟದ್ದನ್ನು ನೀವು ಬಲ್ಲಿರಿ.

ಆದ್ದರಿಂದ ಯಾವುದೇ ಭೂಪಟವನ್ನು ಕಂಡಾಗ, ಅದು ನಗಿಸಲಿ ನಗಿಸದಿರಲಿ, ಮೂರು ಪ್ರಶ್ನೆಗಳನ್ನು ಕೇಳಿ. ಇದನ್ನು ಬರೆದವರು ಯಾರು? ಯಾರಿಗಾಗಿ ಬರೆದರು? ಇದರಲ್ಲಿ ಯಾರನ್ನು ಬಿಟ್ಟಿದ್ದಾರೆ?

ಪದಗಳ ಅರ್ಥ

ವಸಾಹತು – ಬೇರೆ ದೇಶದವರು ಬಂದು ನೆಲೆಸಿ ಆಳುವ ಪ್ರದೇಶ
ವಾಯವ್ಯ – ಉತ್ತರ ಮತ್ತು ಪಶ್ಚಿಮ ದಿಕ್ಕುಗಳ ನಡುವಿನ ದಿಕ್ಕು
ಉಭಯವಾಸಿ – ನೀರಿನಲ್ಲಿಯೂ ನೆಲದಲ್ಲಿಯೂ ಬಾಳುವ ಪ್ರಾಣಿ
ಭಿತ್ತಿಪತ್ರ – ಗೋಡೆಗೆ ಅಂಟಿಸುವ ದೊಡ್ಡ ಪ್ರಕಟಣೆ

ಉತ್ತರ ಬರೆಯಿರಿ

1. ಫ್ರಾಂಕ್ಲಿನ್ ಅವರ ಪತ್ರಿಕೆಯಲ್ಲಿ ಬಂದ ಹಾವಿನ ತುಂಡುಗಳು ಯಾವ ಕ್ರಮದಲ್ಲಿದ್ದವು?
2. ಗಿಲ್‌ರೇ ಬರೆದ ಚಿತ್ರದಲ್ಲಿ ಪಿಟ್ ಸಮುದ್ರವನ್ನೇ ಏಕೆ ಕತ್ತರಿಸುತ್ತಿದ್ದಾನೆ?
3. ಒಂಬತ್ತು ಮಕ್ಕಳ ಆಟದಲ್ಲಿ ಮಾವು ಗೆಲ್ಲುವಂತೆ ಗುಂಪುಗಳನ್ನು ಮಾಡಿ ತೋರಿಸಿರಿ.
4. 'ವ್ಯಂಗ್ಯಚಿತ್ರ ಕಣ್ಣು ಕಟ್ಟಲೂಬಹುದು.' ಈ ಮಾತನ್ನು ಒಂದು ಉದಾಹರಣೆಯೊಂದಿಗೆ ವಿವರಿಸಿರಿ.

ಮಾಡಿ ನೋಡಿ

ನಿಮ್ಮ ಶಾಲೆಯ ಗೇಟಿನ ಬಳಿ ನಿಂತು ನೋಡಿದಂತೆ ಲೋಕದ ಚಿತ್ರ ಬರೆಯಿರಿ. ನಿಮಗೆ ದೊಡ್ಡದೆನಿಸುವುದನ್ನು ದೊಡ್ಡದಾಗಿ ಬರೆಯಿರಿ. ಬಳಿಕ ಗೆಳೆಯರ ಚಿತ್ರದೊಂದಿಗೆ ಹೋಲಿಸಿ. ಅವರು ಬರೆದು ನೀವು ಬಿಟ್ಟದ್ದು ಏನು?